ಯಹೂದ್ಯ ಅನುಭಾವಿಗಳ ದೃಷ್ಟಿಯಲ್ಲಿ ಧನ

ಹಣದ ಮಾತು ಬಂದೊಡನೆ ಅಧ್ಯಾತ್ಮದ ಹಾದಿ ಹಿಡಿದವನು ಕೈ ಹಿಂದಕ್ಕೆಳೆದುಕೊಳ್ಳಬೇಕೆಂಬ ಭಾವನೆ ಲೋಕದ ಹಲವು ಮತಗಳಲ್ಲಿ ಬೇರೂರಿದೆ. ಸಂನ್ಯಾಸಿಗೇನೋ ಅದು ಸರಿ. ಆದರೆ ಬೆಳಗಾದರೆ ಅಂಗಡಿಯ ಬಾಗಿಲು ತೆರೆಯಬೇಕಾದವನು, ಬಂದ ಸಂಬಳವನ್ನು ಮನೆವಾರ್ತೆಗೆ ಹಂಚಬೇಕಾದವನು ಏನು ಮಾಡಬೇಕು? ಅವನ ದಿನದ ಬಹುಪಾಲು ದೇವರಿಂದ ದೂರವಾಗಿಯೇ ಕಳೆದುಹೋಗಬೇಕೆ? ವಾಚಕರೇ, ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರಲ್ಲಿ ಯಹೂದ್ಯ ಅನುಭಾವಿಗಳು ಗಣ್ಯರು. ಅವರ ಪರಂಪರೆಗೆ ಕಬ್ಬಾಲಾ ಎಂದು ಹೆಸರು. ಆ ಧರ್ಮದಲ್ಲಿ ಸಂನ್ಯಾಸಾಶ್ರಮವಿಲ್ಲ, ಗುರುಗಳಾದವರೂ ಗೃಹಸ್ಥರೇ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದುವರಿಯಬೇಕು. ಕಾಲೇಜಿನಲ್ಲಿ ಷೇಕ್ಸ್‌ಪಿಯರನ ನಾಟಕವನ್ನೋದಿದ ನಮ್ಮಲ್ಲನೇಕರಿಗೆ ಯಹೂದಿಯೆಂದರೆ ಶೈಲಾಕನೇ ಕಣ್ಮುಂದೆ ಬರುವನು. ಮಧ್ಯಯುಗದ ಯೂರೋಪಿನ ಬಹುಭಾಗಗಳಲ್ಲಿ ಯಹೂದ್ಯರಿಗೆ ಭೂಮಿಯ ಒಡೆತನವನ್ನೂ ಕಸುಬುದಾರರ ಸಂಘಗಳ ಪ್ರವೇಶವನ್ನೂ ನಿರಾಕರಿಸಿ, ಅವರನ್ನು ಲೇವಾದೇವಿಯತ್ತ ತಳ್ಳಿದ ಸಮಾಜವೇ ಬಳಿಕ ಅವರನ್ನು ಧನಪಿಶಾಚಿಗಳೆಂದು ಹಳಿಯಿತು. ಆ ಅಪವಾದವನ್ನು ಬದಿಗಿಟ್ಟು ನೋಡಿದರೆ ಮಾತ್ರ ಅವರ ವಿಚಾರ ನಮಗೆ ಕಾಣಿಸೀತು.

ಹದಿನಾರನೆಯ ಶತಮಾನದಲ್ಲಿ ಗಲಿಲೀ ಪ್ರಾಂತದ ಸಫೇದ್ ಎಂಬ ಬೆಟ್ಟದೂರು ಈ ಅನುಭಾವಿಗಳ ನೆಲೆಯಾಗಿತ್ತು. ಅಲ್ಲಿ ತನ್ನ ಕೊನೆಯ ದಿನಗಳನ್ನು ಕಳೆದ ಐಸಾಕ್ ಲೂರಿಯಾ (೧೫೩೪–೧೫೭೨) ಈ ಪಂಥದ ಮಹಾಗುರು. ಅವನು ವ್ಯಾಪಾರಿಯೂ ಆಗಿದ್ದನೆಂಬುದು ಗಮನಾರ್ಹ. ಅವನ ಬೋಧೆಯ ಸಾರವಿಷ್ಟು: ಸೃಷ್ಟಿಯ ಆದಿಯಲ್ಲಿ ದೈವೀ ಪ್ರಕಾಶವನ್ನು ತುಂಬಿಕೊಳ್ಳಬೇಕಾಗಿದ್ದ ಪಾತ್ರೆಗಳು ಆ ತೇಜಸ್ಸನ್ನು ತಾಳಲಾರದೆ ಒಡೆದುಹೋದುವು, ಚೂರುಗಳೊಡನೆ ಬೆಳಕಿನ ಕಿಡಿಗಳೂ ಕೆಳಗೆ ಬಿದ್ದುವು. ಉಣ್ಣುವ ರೊಟ್ಟಿಯಲ್ಲಿ, ಉಡುವ ಬಟ್ಟೆಯಲ್ಲಿ, ಹಿಡಿದ ಉಪಕರಣದಲ್ಲಿ ಅವು ಇಂದಿಗೂ ಸೆರೆಯಾಗಿವೆ. ಮನುಷ್ಯನು ವಸ್ತುವನ್ನು ಧರ್ಮದಿಂದ ಬಳಸಿದಾಗ ಅದರೊಳಗಿನ ಕಿಡಿ ಬಿಡುಗಡೆ ಹೊಂದಿ ಮೂಲಕ್ಕೆ ಹಿಂದಿರುಗುತ್ತದೆ. ಹೀಗಾಗಿ ಸಂತೆಯೂ ಸಾಧನೆಯ ಭೂಮಿ.

ಯಹೂದ್ಯರ ಪೂರ್ವಪುರುಷನಾದ ಯಾಕೋಬನು ಕುಟುಂಬವನ್ನು ಹೊಳೆ ದಾಟಿಸಿ, ರಾತ್ರಿ ತಾನೊಬ್ಬನೇ ಹಿಂದೆ ಉಳಿದನೆಂದು ಅವರ ಶಾಸ್ತ್ರದಲ್ಲಿದೆ. ಏಕೆ ಉಳಿದನು? ಮರೆತುಬಂದ ಕೆಲವು ಸಣ್ಣ ಗಡಿಗೆಗಳಿಗಾಗಿ ಎಂಬುದು ತಾಲ್ಮುದ್ ಗ್ರಂಥದ ವಿವರಣೆ. ಪರರ ಸ್ವತ್ತಿಗೆ ಕೈಚಾಚದ ಸಜ್ಜನನಿಗೆ ತಾನು ನ್ಯಾಯವಾಗಿ ಗಳಿಸಿದ್ದು ದೇಹಕ್ಕಿಂತಲೂ ಪ್ರಿಯವಂತೆ! ೧೭೬೦ರಲ್ಲಿ ತೀರಿಕೊಂಡ ಬಾಲ್ ಶೆಮ್ ತೋವ್ ಎಂಬ ಸಂತನ ಅನುಯಾಯಿಗಳು, ಅಂದರೆ ಹಸಿದೀ ಪಂಥದವರು, ಇದಕ್ಕೆ ಇನ್ನೂ ಆಳವಾದ ಅರ್ಥ ಹೇಳಿದರು. ಒಬ್ಬನ ಪಾಲಿಗೆ ಬಂದ ವಸ್ತುಗಳಲ್ಲಿ ಅವನೇ ಬಿಡಿಸಬೇಕಾದ ಕಿಡಿಗಳಿವೆ. ಅವುಗಳನ್ನು ಕತ್ತಲಲ್ಲಿ ಬಿಟ್ಟು ಬರಲಾದೀತೆ? ಜಿಪುಣನೂ ಈ ಮಾತನ್ನು ತನ್ನ ಸಮರ್ಥನೆಗೆ ಎಳೆದುಕೊಂಡಾನು. ಬ್ರಾತ್ಸ್ಲಾವಿನ ನಾಹ್ಮನ್ (೧೭೭೨–೧೮೧೦) ಎಂಬ ಗುರುವು ಅಂಥವನಿಗೆ ಆಸ್ಪದ ಕೊಡಲಿಲ್ಲ; ಲೋಕದ ಸಕಲ ವಿಗ್ರಹಾರಾಧನೆಯೂ ಧನದಾಹದಲ್ಲಿ ಅಡಗಿದೆಯೆಂದು ಅವನು ಖಂಡಿಸಿದನು. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯೂ ಉಂಟು. ಆ ಲೆಕ್ಕದಲ್ಲಿ ಏಣಿ, ಧನ, ಬಡತನ ಎಂಬರ್ಥದ ಮೂರು ಪದಗಳ ಮೊತ್ತವೂ ಒಂದೇ: ೧೩೬. ಏಣಿಯಿಂದ ಏರಲೂಬಹುದು, ಇಳಿಯಲೂಬಹುದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ೧೭೯೬ರಲ್ಲಿ ಪ್ರಕಟವಾದ ‘ತಾನ್ಯಾ’ ಎಂಬ ಗ್ರಂಥದ ವಿಚಾರ. ಲಿಯಾದಿಯ ಶ್ನೆಯೂರ್ ಜಲ್ಮನ್ ಇದರ ಕರ್ತೃ. ಇತರ ಧರ್ಮಕಾರ್ಯಗಳಲ್ಲಿ ಮನುಷ್ಯನ ಒಂದೊಂದು ಶಕ್ತಿ ಮಾತ್ರ ತೊಡಗುತ್ತದೆ. ಪ್ರಾರ್ಥನೆಗೆ ನಾಲಗೆ, ಯಾತ್ರೆಗೆ ಕಾಲು. ದುಡಿಮೆಯಲ್ಲಾದರೋ ತೋಳಿನ ಬಲ, ಬುದ್ಧಿಯ ಎಚ್ಚರ, ಆಯುಸ್ಸಿನ ಗಳಿಗೆ ಎಲ್ಲವೂ ವ್ಯಯವಾಗುತ್ತವೆ. ಆದುದರಿಂದ ದುಡಿದ ಹಣವನ್ನಿತ್ತವನು ತನ್ನ ಪ್ರಾಣಶಕ್ತಿಯನ್ನೇ ದೇವರಿಗೆ ಇತ್ತಂತಾಯಿತು. ದುಡಿಯದೆ ಹಣ ಬಂದವನ ಗತಿಯೇನು? ಅದರಿಂದ ಅವನು ತನ್ನ ಪ್ರಾಣಕ್ಕೆ ಬೇಕಾದ ಅನ್ನವನ್ನು ಕೊಂಡುಕೊಳ್ಳಬಹುದಾಗಿತ್ತು, ಕೊಳ್ಳದೆ ಕೊಟ್ಟನು. ಅದೂ ಪ್ರಾಣವೇ. ಹೀಬ್ರೂ ಭಾಷೆಯಲ್ಲಿ ‘ದಾಮೀಮ್’ ಎಂಬ ಒಂದೇ ಪದಕ್ಕೆ ರಕ್ತವೆಂಬ ಅರ್ಥವೂ ಹಣವೆಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು. ಕೂಲಿಯವನಿಗೆ ಸಂಜೆ ಕೊಡಬೇಕಾದ ಹಣವನ್ನು ನಾಳೆಗೆಂದು ತಡೆಹಿಡಿದವನ ಕೈಯಲ್ಲಿ ಇರುವುದೇನೆಂದು ನೀವೇ ಯೋಚಿಸಿರಿ.

ಕೊಡುವುದಕ್ಕೆ ಅವರಿಟ್ಟ ಹೆಸರು ‘ತ್ಸೆದಾಕಾ’. ಅದು ನ್ಯಾಯವೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ; ನಮ್ಮ ‘ದಾನ’ಕ್ಕೆ ಸರಿಹೊಂದದು. ಕೊಟ್ಟವನು ಔದಾರ್ಯ ಮೆರೆದಂತಲ್ಲ, ಸಲ್ಲಬೇಕಾದುದನ್ನು ಸಲ್ಲಿಸಿದಂತೆ. ಕಬ್ಬಾಲಾ ಗುರುಗಳು ಈ ಕ್ರಿಯೆಯಲ್ಲಿ ದೇವರ ಚತುರಕ್ಷರ ನಾಮವನ್ನೇ ಕಂಡರು. ಚುಕ್ಕೆಯಷ್ಟು ಕಿರಿದಾದ ‘ಯೋದ್’ ನಾಣ್ಯ. ಐದು ಎಂಬ ಬೆಲೆಯುಳ್ಳ ‘ಹೇ’ ಕೊಡುವವನ ಐದು ಬೆರಳು. ನೀಳವಾದ ‘ವಾವ್’ ಚಾಚಿದ ತೋಳು. ಕೊನೆಯ ‘ಹೇ’ ಪಡೆಯುವವನ ಐದು ಬೆರಳು. ಪಡೆಯುವವನಿಲ್ಲದೆ ದೇವರ ಹೆಸರೇ ಅಪೂರ್ಣ! ಇಲ್ಲಿ ಅಕ್ಷರಗಳ ಕ್ರಮವೂ ಮುಖ್ಯ. ಬಡವನು ಮೊದಲು ಕೈಯೊಡ್ಡಿ ಬೇಡಿದ ಮೇಲೆ ಧನಿಕನು ಕೊಟ್ಟರೆ ಕೊನೆಯ ಅಕ್ಷರ ಮುಂದೆ ಬಂದು ನಾಮ ಅಸ್ತವ್ಯಸ್ತವಾಗುತ್ತದೆ. ಅವನ ಕೈ ಮೇಲೇಳುವ ಮೊದಲೇ ಇವನ ತೋಳು ಚಾಚಬೇಕು.

ಇನ್ನು ಕಠಿನವಾದ ಪ್ರಶ್ನೆ. ಅನ್ಯಾಯದಿಂದ ಬಂದ ಹಣವನ್ನು ಪುಣ್ಯಕಾರ್ಯಕ್ಕೆ ಸುರಿದರೆ ಅದರ ಕಿಡಿ ಮೇಲೇಳುವುದೆ? ಯಾವ ದೇಶದಲ್ಲಾದರೂ ರಸೀದಿ ಪುಸ್ತಕ ಹಿಡಿದು ಹೊರಡುವವರು ಬೇಗ ದಾಟಿಹೋಗಲು ಬಯಸುವ ಪ್ರಶ್ನೆಯಿದು. ‘ತಾನ್ಯಾ’ದ ಉತ್ತರ ಒಂದು ಪದದ ಅರ್ಥದಲ್ಲಿದೆ. ನಿಷಿದ್ಧವೆಂಬುದಕ್ಕೆ ಹೀಬ್ರೂವಿನಲ್ಲಿ ಕಟ್ಟಿಹಾಕಿದ್ದು ಎಂದರ್ಥ. ವಿಹಿತವೆಂಬುದಕ್ಕೆ ಬಿಚ್ಚಿದ್ದು ಎಂದರ್ಥ. ನಿಷಿದ್ಧವಾದುದು ಕೆಳಗಿನ ಅಂಧಕಾರಕ್ಕೆ ಬಿಗಿಯಲ್ಪಟ್ಟಿದೆ. ಬಳಸುವವನ ಸದುದ್ದೇಶ ಎಷ್ಟೇ ಇದ್ದರೂ ಅದು ಏರಲಾರದು. ಪಾಪದ ದಾರಿಯಲ್ಲಿ ಬಂದ ಪುಣ್ಯವನ್ನು ತಾಲ್ಮುದ್ ಕೂಡ ಒಪ್ಪದು. ಮೊದಲು ಹಣವನ್ನು ಒಡೆಯನಿಗೆ ಹಿಂದಿರುಗಿಸಬೇಕು. ಆದರೆ ಊರೂರು ಸುತ್ತಿ ಸುಂಕವೆತ್ತಿ ಎಲ್ಲರಿಂದಲೂ ಹೆಚ್ಚಾಗಿ ಕಿತ್ತವನಿಗೆ ಯಾರಿಗೆಷ್ಟು ಕೊಡಬೇಕೆಂದು ತಿಳಿಯುವ ಬಗೆ ಹೇಗೆ? ಗೊತ್ತಿದ್ದವರಿಗೆ ಕೊಡಲಿ, ಉಳಿದುದರಿಂದ ಸಾರ್ವಜನಿಕರಿಗೆ ಬಾವಿ ತೋಡಿಸಲಿ, ಎಂದರು ಆ ಪ್ರಾಚೀನರು. ಅವನಿಂದ ಮೋಸಹೋದವನು ಎಂದಾದರೊಂದು ದಿನ ಆ ದಾರಿಯಲ್ಲಿ ಬಾಯಾರಿ ಬಂದು, ತನ್ನದೇ ಹಣದ ನೀರೆಂದು ಅರಿಯದೆ ಕುಡಿದು ಹೋದಾನು.