ಗೂಡಿನ ಮೇಲಿದ್ದ ಹಕ್ಕಿ



ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ತಪ್ಪಿಸಿಕೊಂಡ ಎತ್ತನ್ನು ಅದರ ಒಡೆಯನಿಗೆ ಮುಟ್ಟಿಸು, ಮಾಳಿಗೆಯ ಅಂಚಿಗೆ ಗೋಡೆ ಕಟ್ಟು ಎಂಬಂಥ ಕಟ್ಟಳೆಗಳ ನಡುವೆ ಒಂದು ಪುಟ್ಟ ಆಜ್ಞೆಯಿದೆ. ದಾರಿಯಲ್ಲಿ ಹಕ್ಕಿಗೂಡು ಕಂಡರೆ ಮರಿಗಳನ್ನು ತೆಗೆದುಕೊಳ್ಳಬಹುದು. ಕಾವು ಕೂತ ತಾಯಿಹಕ್ಕಿಯನ್ನು ಮಾತ್ರ ಬಿಟ್ಟುಬಿಡಬೇಕು. ಹಾಗೆ ಮಾಡಿದವನಿಗೆ ದೀರ್ಘಾಯುಷ್ಯದ ವಾಗ್ದಾನವೂ ಉಂಟು. ತಂದೆತಾಯಿಯರನ್ನು ಗೌರವಿಸುವವರಿಗೆ ಕೊಟ್ಟ ವಾಗ್ದಾನವೇ ಅದು!

ಒಂದು ಹಕ್ಕಿಗೆ ಇಷ್ಟೇಕೆ ಎನ್ನುವವರು ನ್ಯೂಜಿಲೆಂಡಿನ ಮೋವಾ ಪಕ್ಷಿಯ ಕಥೆಯನ್ನು ಕೇಳಬೇಕು. ಮೋವಾಗಳಲ್ಲಿ ಒಂಬತ್ತು ಜಾತಿಗಳಿದ್ದವು. ಅತಿ ದೊಡ್ಡ ಜಾತಿಯ ಹೆಣ್ಣು ಕತ್ತೆತ್ತಿದರೆ ಸುಮಾರು 3.6 ಮೀಟರ್ ಎತ್ತರ. ತೂಕ 200 ಕಿಲೋ ದಾಟುತ್ತಿತ್ತು. ಉಷ್ಟ್ರಪಕ್ಷಿ ಹಾರದಿದ್ದರೂ ಅದಕ್ಕೆ ರೆಕ್ಕೆಗಳಿವೆ. ಮೋವಾಕ್ಕೆ ರೆಕ್ಕೆಯ ಎಲುಬಿನ ಕುರುಹೂ ಇರಲಿಲ್ಲ. ಸೊಪ್ಪು, ರೆಂಬೆ ತಿಂದು ಬದುಕುತ್ತಿದ್ದ ಅದಕ್ಕೆ ಮೇಲಿನಿಂದ ಎರಗುವ ಒಂದು ದೊಡ್ಡ ಹದ್ದೇ ಮುಖ್ಯ ವೈರಿ.

13ನೆಯ ಶತಮಾನದ ಕೊನೆಯ ಹೊತ್ತಿಗೆ ಮಾವೊರಿ ಜನರ ಪೂರ್ವಜರು ದೋಣಿಗಳಲ್ಲಿ ಬಂದಿಳಿದರು. ಅವರ ಸಂಖ್ಯೆ ಕೆಲವು ಸಾವಿರಕ್ಕಿಂತ ಹೆಚ್ಚಿರಲಿಕ್ಕಿಲ್ಲ. ಆದರೂ ಸುಮಾರು ಒಂದೂವರೆ ಶತಮಾನದಲ್ಲಿ ಮೋವಾ ನಿರ್ನಾಮವಾಯಿತು. ಅದನ್ನು ನಂಬಿದ್ದ ಹದ್ದೂ ಅಳಿಯಿತು. ಹಳೆಯ ಬೀಡುಗಳನ್ನು ಅಗೆದಾಗ ದೊಡ್ಡ ಹಕ್ಕಿಯ ಎಲುಬು, ಮರಿಯ ಎಲುಬು, ಮೊಟ್ಟೆಯ ಚಿಪ್ಪು ಎಲ್ಲವೂ ಸಿಕ್ಕಿವೆ. ಕೆಲವು ಜಾತಿಗಳು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕಾಗಿತ್ತೆಂದು ಅವುಗಳ ಎಲುಬೇ ಹೇಳುತ್ತದೆ. ಚಿಪ್ಪಿನ ಪರೀಕ್ಷೆಯ ಪ್ರಕಾರ ಕಾವು ಕೂರುತ್ತಿದ್ದುದು ಬಹುಶಃ ಗಂಡುಹಕ್ಕಿ. (ತಂದೆಯಂದಿರು ಗಮನಿಸಲಿ!)

ಆ ಜನರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಮಕ್ಕಳ ಹೊಟ್ಟೆ ತುಂಬಿಸಲು ಬೇಟೆಯಾಡಿದರು. ಈ ಕಣಿವೆಯಲ್ಲಿ ಇಲ್ಲದಿದ್ದರೆ ಮುಂದಿನದರಲ್ಲಿ ಸಿಕ್ಕೀತು ಎಂದುಕೊಂಡಿರಬೇಕು. ಕೊನೆಯ ಮೋವಾವನ್ನು ಕೊಂದವನಿಗೆ ಅದೇ ಕೊನೆಯದೆಂದು ತಿಳಿದಿರಲಾರದು. ಘೋರಪಾಪಕ್ಕೆ ಪೂರ್ಣ ಅರಿವು, ಪೂರ್ಣ ಸಮ್ಮತಿ ಬೇಕೆಂದು ಧರ್ಮಸಭೆ ಬೋಧಿಸುತ್ತದೆ. ಇಲ್ಲಿ ಅರಿವೇ ಇಲ್ಲ. ಹಾಗೆಂದು ಹಕ್ಕಿ ಹಿಂದಿರುಗುವುದೇ? ಮೋಶೆಯ ಆಜ್ಞೆಯ ಆಳ ಇರುವುದು ಇಲ್ಲೇ. ಕಾಡಿನಲ್ಲಿ ಎಷ್ಟು ಉಳಿದಿವೆಯೆಂದು ಎಣಿಸಬಾರದವನ ಕೈಯನ್ನೂ ಅದು ತಡೆಯುತ್ತದೆ; ಗೂಡಿಗೆ ಬಾಗಿದವನು ಅಷ್ಟನ್ನು ಬಿಟ್ಟುಬಂದರೆ ಸಾಕು. ಎಣಿಸಬಲ್ಲ ನಾವಾದರೋ ತಿಳಿಯಲಿಲ್ಲವೆಂದು ಹೇಳಿ ಪಾರಾಗುವಂತಿಲ್ಲ. ಮನುಷ್ಯನಿಂದ ಅಳಿದ ಜೀವಜಾತಿಗಳು ಇನ್ನು ತಮ್ಮ ಇರುವಿಕೆಯಿಂದ ದೇವರನ್ನು ಮಹಿಮೆಪಡಿಸಲಾರವೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ದುಃಖಿಸಿದ್ದರು.

ಅಳಿದುಹೋದವರನ್ನು ಮೋವಾಕ್ಕೆ ಹೋಲಿಸುವ ಗಾದೆಯೊಂದು ಮಾವೊರಿ ಭಾಷೆಯಲ್ಲಿದೆ. 19ನೆಯ ಶತಮಾನದಲ್ಲಿ ಯೂರೋಪಿನವರು ಬಂದು ನೆಲೆಸಿದ ಮೇಲೆ, ಆ ಜನ ಅದನ್ನು ತಮ್ಮ ಬಗ್ಗೆಯೇ ಹೇಳಿಕೊಂಡರು.