ಬಂದರು ಮತ್ತು ಧರ್ಮ

ಒಂದು ಊರಿನ ಧರ್ಮಸಹಿಷ್ಣುತೆಗೆ ಅಲ್ಲಿನ ನೆಲ-ಜಲ ಎಷ್ಟು ಕಾರಣ, ಮನುಷ್ಯರ ತೀರ್ಮಾನ ಎಷ್ಟು ಕಾರಣ ಎಂಬ ಪ್ರಶ್ನೆಗೆ ಫೋರ್ಟ್ ಕೊಚ್ಚಿ ಒಳ್ಳೆಯ ನಿದರ್ಶನ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಡುಂಗಲ್ಲೂರಿನ ಹಳೆಯ ಬಂದರು ಹೂಳು ತುಂಬಿ ಕೆಟ್ಟು, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಮೆಣಸಿನ ವ್ಯಾಪಾರ ಅತ್ತ ಸರಿಯಿತು. ಗಾಳಿ ತಿರುಗುವವರೆಗೆ ಹಡಗಿನವರು ತಿಂಗಳುಗಟ್ಟಲೆ ಕಾಯಬೇಕಿದ್ದರಿಂದ ಪರದೇಶಿಗಳೊಡನೆ ಬಾಳುವುದು ಊರಿಗೆ ರೂಢಿಯಾಯಿತು. ಗೋವೆಯಲ್ಲಿ ಪೋರ್ಚುಗೀಸರ ಕಿರುಕುಳ ತಾಳದೆ ಹೊರಟ ಕೊಂಕಣಿಗರಲ್ಲಿ ಕೆಲವರು ಕರಾವಳಿ ಕರ್ನಾಟಕದಲ್ಲಿ ನೆಲೆ ನಿಂತರೆ, ಕೆಲವರು ಇನ್ನೂ ತೆಂಕಣಕ್ಕೆ ಸರಿದು ಪಕ್ಕದ ಮಟ್ಟಾಂಚೇರಿಗೆ ಬಂದರು. 1568ರ ಯೆಹೂದಿ ಪ್ರಾರ್ಥನಾಮಂದಿರವೂ ಅಲ್ಲೇ, ಅರಮನೆಯ ಮಗ್ಗುಲಲ್ಲಿದೆ.

ಆದರೂ ಎಲ್ಲವನ್ನೂ ಭೂಗೋಳದ ಲೆಕ್ಕಕ್ಕೆ ಬರೆಯುವುದು ಅವಸರವಾದೀತು. ಅದೇ ಕಡಲು, ಅದೇ ಮೆಣಸು ಪೋರ್ಚುಗೀಸರನ್ನೂ ಕರೆತಂದವು; 1662ರಲ್ಲಿ ಆ ಮಂದಿರಕ್ಕೆ ಹಾನಿಯಾದದ್ದು ಅವರಿಂದಲೇ. ಯೆಹೂದಿಗಳಿಗೆ ಜಾಗ ಕೊಟ್ಟವನು ಕೊಚ್ಚಿಯ ರಾಜ, ಅಳಿವೆಯಲ್ಲ.

ವಿದ್ಯೆಯ ಮಾತೂ ಹೀಗೆಯೇ. ಡಚ್ ಅಧಿಕಾರಿ ವಾನ್ ರೀಡ್ ಇಲ್ಲಿ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳನ್ನು ಕೊಟ್ಟದ್ದು ಮಲಬಾರಿನ ಮಳೆ. ಅವುಗಳ ಗುಣ ತಿಳಿಸಿದವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಜಾತಿಯ ಅಂತರ ಎಷ್ಟಿದ್ದರೂ ಇವರೆಲ್ಲರ ದೃಢೀಕರಣ ಪತ್ರಗಳು ಒಂದೇ ಗ್ರಂಥದಲ್ಲಿ ಅಚ್ಚಾದವು.