ಹೊತ್ತಿಲ್ಲದವರ ತಾಲೀಮು

ಮೂವತ್ತೈದು ದಾಟಿದ ಮೇಲೆ ಕುಸ್ತಿಯನ್ನೋ ಕರಾಟೆಯನ್ನೋ ಕಲಿಯಲು ಹೊರಟವರನ್ನು ನಮ್ಮ ಕಡೆ ಮನೆಯವರು ಕೇಳುವುದು ಒಂದೇ ಮಾತು: ‘ಈ ವಯಸ್ಸಿನಾಗ ಯಾಕ ಬೇಕಿತ್ತಪಾ ಇದು?’ ಗರಡಿಮನೆಯ ವಸ್ತಾದರು ಕೇಳುವುದು ಬೇರೆ: ‘ದಿನಾ ಎಷ್ಟೊತ್ತಿಗೆ ಬರ್ತೀ?’ ಮೊದಲನೆಯದಕ್ಕೆ ಆರೋಗ್ಯ, ಬೊಜ್ಜು, ಸಕ್ಕರೆ ಕಾಯಿಲೆ ಎಂದು ಏನಾದರೂ ಹೇಳಿ ಪಾರಾಗಬಹುದು. ಎರಡನೆಯದಕ್ಕೆ ಉತ್ತರವೇ ಇಲ್ಲದವರು ರಟ್ಟೀಹಳ್ಳಿ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ.

ವಸ್ತಿ ಬಸ್ಸಿನ ಕಂಡಕ್ಟರಿಗೆ ಈ ರಾತ್ರಿ ಯಾವ ಹಳ್ಳಿಯಲ್ಲಿ ಮಲಗುವುದೆಂಬುದು ಡ್ಯೂಟಿ ಹಾಕಿದ ಮೇಲೇ ಗೊತ್ತಾಗುವುದು. ಪಂಪ್‌ಸೆಟ್ ಇರುವ ರೈತ ತ್ರಿಫೇಸ್ ಕರೆಂಟಿನ ಪಾಳಿ ನೋಡಿಕೊಂಡು ಏಳಬೇಕು. ರಾತ್ರಿ ಪಾಳಿ ಬಂದರೆ ಬ್ಯಾಟರಿ ಹಿಡಿದು ನಡುರಾತ್ರಿ ಹೊಲದಲ್ಲಿ ಮಡಿ ತಿರುವಬೇಕು. ಬೀಜೋತ್ಪಾದನೆಯ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಂಗಸರು ಸಂಜೆ ಮೊಗ್ಗಿನ ಕೇಸರ ಬಿಡಿಸಿ ಬಂದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಲು ಮತ್ತೆ ಓಡಬೇಕು. ಆಸ್ಪತ್ರೆಯ ನರ್ಸು, 108ರ ಸಿಬ್ಬಂದಿ, ಠಾಣೆಯ ಪೇದೆ ಇವರ ಪಾಡು ಹೇಳುವುದೇ ಬೇಡ. ಇಂಥವರಲ್ಲಿ ಒಬ್ಬರಿಗೆ ಮೈ ಪಳಗಿಸಬೇಕೆಂಬ ಆಸೆ ಹುಟ್ಟಿದರೆ ಅದಕ್ಕೆ ಎಲ್ಲಿ ಜಾಗ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಸಾಧನೆ ಎಂದರೆ ನಿತ್ಯವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಾಡುವುದು ಎಂದು ನಾವೆಲ್ಲ ನಂಬಿದ್ದೇವೆ. ಕೋಳಿ ಕೂಗುವ ಮೊದಲು ಗರಡಿಗೆ ಇಳಿದು ದಂಡ, ಬಸ್ಕಿ ಹೊಡೆಯುವ ಪೈಲ್ವಾನನೇ ನಮ್ಮ ಕಣ್ಣ ಮುಂದೆ ಬರುತ್ತಾನೆ. ಆದರೆ ಆ ನೇಮದ ಹಿಂದೆ ಯಾರ ಅನ್ನವಿತ್ತು ಎಂದು ಕೇಳಿಕೊಳ್ಳುವುದು ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸುವುದು ಹೇಗೆ, ಯಾವ ವ್ಯಾಯಾಮ ಮಾಡಿಸಬೇಕು, ಬೇಳೆ, ಮಾಂಸ, ಹಾಲು, ಸಕ್ಕರೆಯನ್ನು ಅರಮನೆಯಿಂದ ಹೇಗೆ ಒದಗಿಸಬೇಕು ಎಂಬುದೆಲ್ಲ ಅಲ್ಲಿದೆ. ಮುಂದೆ ಕೊಲ್ಹಾಪುರದ ಶಾಹೂ ಮಹಾರಾಜರೂ ಪೈಲ್ವಾನರನ್ನು ಹೀಗೇ ಸಾಕಿ ಬೆಳೆಸಿದರು. ಆ ಮಲ್ಲರ ದಿನ ಅವರ ಕೈಯಲ್ಲಿತ್ತು, ಏಕೆಂದರೆ ಅವರ ಹೊಟ್ಟೆಯ ಚಿಂತೆಯನ್ನು ಮತ್ತೊಬ್ಬರು ಹೊತ್ತಿದ್ದರು. ಹೊತ್ತಿಗೆ ಸರಿಯಾಗಿ ತಾಲೀಮು ಮಾಡುವುದು ಒಂದು ಬಗೆಯ ಸಿರಿವಂತಿಕೆ. ಅದಿಲ್ಲದವರನ್ನು ಶಿಸ್ತಿಲ್ಲದವರೆಂದು ಜರೆಯುವುದು ತಪ್ಪು.

ಈ ನೆಲದಲ್ಲಿ ಬೇರೆ ಬಗೆಯ ಯೋಧರೂ ಓಡಾಡಿದ್ದಾರೆ. 1764ರ ಮೇ ತಿಂಗಳಲ್ಲಿ ಪೇಶ್ವೆ ಮಾಧವರಾಯನ ದಂಡಿಗೂ ಹೈದರ್ ಅಲಿಯ ದಂಡಿಗೂ ರಟ್ಟೀಹಳ್ಳಿಯ ಬಳಿ ಘನಘೋರ ಕಾಳಗವಾಗಿ ಹೈದರ್ ಸೋತು ಹಿಂದೆ ಸರಿದ. ಆ ಕಾಲದ ಯುದ್ಧಕ್ಕೂ ಸುಗ್ಗಿ-ಮಳೆಗಾಲಗಳ ಲೆಕ್ಕವಿತ್ತು. ಹೊಳೆ ತುಂಬಿದರೆ ದಂಡು ಬೀಡು ಬಿಡುತ್ತಿತ್ತು. ಖಂಡೇಪೂಜೆ ಮುಗಿಸಿ, ಬನ್ನಿ ಕೊಟ್ಟು, ಸೀಮೆ ದಾಟಿ ಮತ್ತೆ ಹೊರಡುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಸುಮ್ಮನಿದ್ದ ತೋಳು ಮತ್ತೆ ಕತ್ತಿಗೆ ಹೊಂದಿಕೊಳ್ಳಬೇಕಿತ್ತು. ತಡವಾಗಿ ಶುರು ಮಾಡಿದವರ ಮಾತು ಬಂದರೆ ಹೈದರನನ್ನೇ ತೆಗೆದುಕೊಳ್ಳಿ. 1720ರ ಆಸುಪಾಸಿನಲ್ಲಿ ಹುಟ್ಟಿದ ಅವನು ದಂಡಿನಲ್ಲಿ ಗುರುತಿಸಿಕೊಂಡದ್ದು 1749ರ ದೇವನಹಳ್ಳಿ ಮುತ್ತಿಗೆಯಲ್ಲಿ, ಮೂವತ್ತರ ಹತ್ತಿರ ಬಂದಾಗ. ಅದೇ ಹೈದರನ ಪಡೆಯನ್ನು ಚಿತ್ರದುರ್ಗದ ಕಿಂಡಿಯಲ್ಲಿ ತಡೆದ ಓಬವ್ವ ಯಾವ ಗರಡಿಯಲ್ಲೂ ಕಲಿತವಳಲ್ಲ. ಕಾವಲಿನ ಗಂಡ ಉಣ್ಣಲು ಕೂತ ಹೊತ್ತಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಒನಕೆ. ಭತ್ತ ಕುಟ್ಟಿ ಕುಟ್ಟಿ ಆ ಒನಕೆಯ ಭಾರ, ಅದು ಏಳುವ ರೀತಿ, ಬೀಳುವ ರೀತಿ ಅವಳ ಭುಜಕ್ಕೆ ಮೊದಲೇ ಗೊತ್ತಿತ್ತು.

ಆದರೂ ದುಡಿತವೇ ಸಾಕು, ಬೇರೆ ತಾಲೀಮು ಬೇಡ ಎಂದು ನಾನು ಹೇಳಲಾರೆ. ಇಲ್ಲಿ ‘ಯಾಕ ಬೇಕಿತ್ತು’ ಎಂಬ ಮೊದಲ ಪ್ರಶ್ನೆ ಮತ್ತೆ ಎದುರಾಗುತ್ತದೆ. ಪಾಳಿಯಲ್ಲಿ ದುಡಿಯುವವರ ಮೈ ಸದಾ ಬೇರೆಯವರ ಕರೆಗೆ ಓಗೊಡುತ್ತಿರುತ್ತದೆ. ಫೋನು ಬಂತು ಎದ್ದರು, ಕರೆಂಟು ಬಂತು ಓಡಿದರು, ಸೀಟಿ ಊದಿದರು ಹತ್ತಿದರು. ಗರಡಿಯ ಮಣ್ಣಿನಲ್ಲಿ ನಿಂತ ಅರ್ಧ ತಾಸು ಮಾತ್ರ ಆ ಮೈಯನ್ನು ಯಾರೂ ಕರೆಯುವುದಿಲ್ಲ. ಬಲಗಾಲು ಎಲ್ಲಿದೆ, ಉಸಿರು ಎಲ್ಲಿ ಕಟ್ಟುತ್ತಿದೆ, ಹೆದರಿಕೆ ಹೊಟ್ಟೆಯಲ್ಲಿದೆಯೋ ಮಂಡಿಯಲ್ಲಿದೆಯೋ ಎಂದು ತನ್ನನ್ನು ತಾನೇ ವಿಚಾರಿಸಿಕೊಳ್ಳಲು ಸಿಗುವ ಬಿಡುವು ಅದು. ನನ್ನ ಮಟ್ಟಿಗೆ ದೊಡ್ಡವರಾದ ಮೇಲೆ ಯುದ್ಧಕಲೆ ಕಲಿಯುವುದರ ಅರ್ಥ ಇಲ್ಲಿದೆ. ಯಾರನ್ನೋ ಕೆಡವುವ ಮಾತು ಆಮೇಲಿನದು.

ಹುಡುಗರಿಗೆ ವಸ್ತಾದರ ಗದರಿಕೆಯೇ ಗಡಿಯಾರ. ವಯಸ್ಕರಿಗೆ ಆ ಗದರಿಕೆ ಇಲ್ಲ. ಅವರು ಹತ್ತು ದಿನ ಬಿಟ್ಟು ಬಂದರೂ ಕೇಳುವವರಿಲ್ಲ, ಬಾರದಿದ್ದರೂ ಕೇಳುವವರಿಲ್ಲ. ಹಾಗಾಗಿ ಅವರ ಪಾಲಿನ ಕಷ್ಟ ದಂಡ-ಬಸ್ಕಿಯದ್ದಲ್ಲ, ಬಿಟ್ಟದ್ದನ್ನು ಮತ್ತೆ ಹಿಡಿಯುವುದರದ್ದು. ರಾತ್ರಿ ಡ್ಯೂಟಿಯ ವಾರ ಮುಗಿಸಿ ಬಂದಾಗ ಕಲಿತ ಪಟ್ಟು ಮರೆತಿರುತ್ತದೆ, ತೊಡೆ ಹಿಡಿದುಕೊಂಡಿರುತ್ತದೆ, ಜೊತೆಗೆ ಶುರು ಮಾಡಿದ ಹುಡುಗ ಎರಡು ಪಟ್ಟು ಮುಂದೆ ಹೋಗಿರುತ್ತಾನೆ. ಆಗ ‘ಇನ್ನು ಸಾಕು’ ಎನ್ನುವ ದನಿ ಒಳಗಿಂದಲೇ ಏಳುತ್ತದೆ. ಆ ದನಿಯ ಜೊತೆ ಹಿಡಿಯುವ ಕುಸ್ತಿಯೇ ದೊಡ್ಡದು. ತಪ್ಪಿದ ದಿನಗಳನ್ನು ಎಣಿಸುತ್ತ ಕೂತವರು ಬಿಟ್ಟುಬಿಡುತ್ತಾರೆ. ಎಣಿಸದೆ ಲಂಗೋಟಿ ಬಿಗಿದವರು ಉಳಿಯುತ್ತಾರೆ.

ಮಹಾಭಾರತದ ಆದಿಪರ್ವದಲ್ಲಿ ಬರುವ ಒಂದು ಪ್ರಸಂಗ ಈ ಹೊತ್ತಿನಲ್ಲಿ ನೆನಪಾಗುತ್ತದೆ. ಅರ್ಜುನ ರಾತ್ರಿ ಉಣ್ಣುತ್ತಿದ್ದಾಗ ಗಾಳಿಗೆ ದೀಪ ಆರಿತು. ಕತ್ತಲಾದರೂ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ರೂಢಿಯಾದ ಕೈಗೆ ಬೆಳಕು ಬೇಕಿಲ್ಲವೆಂದು ಕಂಡುಕೊಂಡ ಅವನು ಅಂದಿನಿಂದ ಕತ್ತಲಲ್ಲೇ ಬಾಣ ಹೂಡಲು ಕಲಿತ. ದ್ರೋಣರು ಗೊತ್ತುಮಾಡಿದ ಹೊತ್ತಿನ ಆಚೆ, ಯಾರೂ ನೋಡದ ಜಾಗದಲ್ಲಿ ನಡೆದ ಅಭ್ಯಾಸ ಅದು. ವಸ್ತಿ ಬಸ್ಸು ನಿಂತ ಹಳ್ಳಿಯ ಗುಡಿಕಟ್ಟೆಯ ಪಕ್ಕ ಹತ್ತು ಬಸ್ಕಿ ಹೊಡೆಯುವವರೂ, ಮಡಿಗೆ ನೀರು ಬರುವತನಕ ಬಾವಿಕಟ್ಟೆಯ ಮೇಲೆ ನಿಂತು ಕಾಲಿನ ನೆಲೆ ತಿದ್ದಿಕೊಳ್ಳುವವರೂ ಅದೇ ದಾರಿಯಲ್ಲಿದ್ದಾರೆ.

ಮೊದಲ ದಿನಗಳು ಸುಲಭವಲ್ಲ. ಗುದ್ದಲಿಯಿಂದ ಅಗೆದು ಸಡಿಲ ಮಾಡಿದ ಕೆಮ್ಮಣ್ಣು, ಅದಕ್ಕೆ ಬೆರೆಸಿದ ಎಣ್ಣೆ-ಮಜ್ಜಿಗೆಯ ವಾಸನೆ, ಗೋಡೆಯಲ್ಲಿ ಹನುಮಪ್ಪನ ಪಟ. ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಇಳಿದ ನಲವತ್ತರ ಗೃಹಸ್ಥನ ಕೈಯನ್ನು ಒಂಬತ್ತನೇ ಇಯತ್ತೆಯ ಹುಡುಗ ಹಿಡಿಯುತ್ತಾನೆ. ಮಣಿಕಟ್ಟು ತಿರುವಿ, ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಗೃಹಸ್ಥನ ಬೆನ್ನು ಮಣ್ಣಿಗೆ ತಾಗಿರುತ್ತದೆ. ‘ಕಾಕಾ, ಗದ್ದ ಎದೀಗೆ ಹಚ್ಚಿ ಬೀಳ್ರಿ, ತಲಿ ಬಡೀಬಾರ್ದು’ ಎಂದು ಅವನೇ ಕೈ ಕೊಟ್ಟು ಎಬ್ಬಿಸುತ್ತಾನೆ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಜೂಡೊದಲ್ಲೂ ಹೊಸಬರಿಗೆ ಮೊದಲು ಕಲಿಸುವುದು ಬೀಳುವುದನ್ನೇ. ಮನೆಯಲ್ಲಿ, ಕೆಲಸದಲ್ಲಿ ಬೀಳಬಾರದೆಂದೇ ಬದುಕಿದವರಿಗೆ ಹೀಗೆ ಎಲ್ಲರೆದುರು ಬಿದ್ದು, ಕಿರಿಯರ ಕೈ ಹಿಡಿದು ಏಳುವುದು ದೊಡ್ಡ ಬಿಡುಗಡೆ. ಇದನ್ನು ಹತ್ತು ವರ್ಷದ ಮಗು ಅನುಭವಿಸಲಾರದು. ಅದಕ್ಕೆ ಕಳೆದುಕೊಳ್ಳಲು ಇನ್ನೂ ಬಿಗುಮಾನವೇ ಬೆಳೆದಿರುವುದಿಲ್ಲ. ತಡವಾಗಿ ಬಂದವರಿಗೆ ಮಾತ್ರ ಸಿಗುವ ಪಾಲು ಇದು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನಿದ್ದೆಗೆಟ್ಟ ಮೈಯಲ್ಲಿ ಜೋರು ಮಾಡಬಾರದು. ರಾತ್ರಿಯಿಡೀ ಎಚ್ಚರಿದ್ದವರ ಹಿಡಿತ ತಡವಾಗುತ್ತದೆ, ಅವರಿಗೂ ಪೆಟ್ಟು, ಎದುರಾಳಿಗೂ ಪೆಟ್ಟು. ಅಂಥ ದಿನ ಗರಡಿಯ ದಂಡೆಯಲ್ಲಿ ಕೂತು ನೋಡುವುದೂ ತಾಲೀಮೇ. ಬಿಪಿ, ಹಳೆಯ ಮಂಡಿನೋವು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ವಸ್ತಾದರಿಗೂ ಹೇಳಿರಬೇಕು.

ಕೊನೆಯ ಮಾತು ಗರಡಿಮನೆಯ ಹಿರಿಯರಿಗೆ, ತಾಲ್ಲೂಕಿನಲ್ಲಿ ಕರಾಟೆ ಕಲಿಸುವ ಮಾಸ್ತರರಿಗೆ. ನಮ್ಮ ಎಷ್ಟೋ ಊರುಗಳ ಗರಡಿಗಳಿಗೆ ಹುಡುಗರು ಬರುವುದು ಕಡಿಮೆಯಾಗಿ ಕೀಲಿ ಬಿದ್ದಿದೆ. ಜಾತ್ರೆ ಕುಸ್ತಿ ಹತ್ತಿರವಾದಾಗ ಮಾತ್ರ ಬಾಗಿಲು ತೆರೆಯುತ್ತದೆ. ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಕಂಡಕ್ಟರು, ರೈತ, ಪೇದೆ ಇವರನ್ನು ಒಳಗೆ ಕರೆಯಿರಿ. ನರ್ಸಮ್ಮ, ಕ್ರಾಸಿಂಗ್ ಕೆಲಸದ ಅಕ್ಕಂದಿರು ಕೇಳಿದರೆ ಅವರಿಗೂ ಬೇರೆ ಹೊತ್ತು ಗೊತ್ತುಮಾಡಿ ಕಲಿಸಿರಿ. ‘ದಿನಾ ಬರ್ತೀಯೇನು’ ಎಂದು ಕೇಳುವ ಬದಲು ‘ಮತ್ತ ಯಾವಾಗ ಬರ್ತೀ’ ಎಂದು ಕೇಳಿರಿ. ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿರಿ.